ಲಕ್ಷ್ಮಣರಾವ್ ಕಿರ್ಲೋಸ್ಕರ್

ಲಕ್ಷ್ಮಣರಾವ್ ಕಾಶಿನಾಥ್ ಕಿರ್ಲೋಸ್ಕರ್ (20 ಜೂನ್ 1869 – 26 ಸೆಪ್ಟೆಂಬರ್ 1956) ಅವರು ಭಾರತದ ಯಂತ್ರೋದ್ಯಮದ ಪ್ರವರ್ತಕರಲ್ಲಿ ಒಬ್ಬರು. ಇಂದಿನ ಕರ್ನಾಟಕದ ಬೆಳಗಾವಿ ಜಿಲ್ಲೆಯಲ್ಲಿ ಜನಿಸಿದ ಇವರು ಬೆಳಗಾವಿ ನಗರದ ಒಂದು ಸಣ್ಣ ಸೈಕಲ್ ಅಂಗಡಿಯಿಂದ ವೃತ್ತಿಯನ್ನು ಆರಂಭಿಸಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು, ಶೇಂಗಾ ಸುಲಿಯುವ ಯಂತ್ರ, ಕಬ್ಬಿನ ಗಾಣ ಮತ್ತು ನೀರೆತ್ತುವ ಪಂಪುಗಳ ತಯಾರಿಕೆಗೆ ಬೆಳೆದರು. ಇವರು ಹಾಕಿದ ತಳಹದಿಯ ಮೇಲೆ 1946ರಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸಂಸ್ಥೆ ಹುಟ್ಟಿತು. ಈ ಸಂಸ್ಥೆಯ ಡೀಸೆಲ್ ಎಂಜಿನ್ನುಗಳು ದಖ್ಖನ್ ಪ್ರಸ್ಥಭೂಮಿಯ ಹೊಲ, ಬಾವಿ ಮತ್ತು ಗಿರಣಿಗಳಲ್ಲಿ ಮನೆಮಾತಾದವು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ ಎಂಬ ಕೈಗಾರಿಕಾ ಗ್ರಾಮದ ಸ್ಥಾಪಕರೂ ಇವರೇ.

ಬಾಲ್ಯ ಮತ್ತು ಶಿಕ್ಷಣ

ಲಕ್ಷ್ಮಣರಾಯರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು ಗ್ರಾಮದಲ್ಲಿ ಜನಿಸಿದರು. ಆಗ ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮನೆಮಾತು ಮರಾಠಿ, ಸುತ್ತಲಿನ ಊರುಗಳ ಮಾತು ಕನ್ನಡ. ಮರಾಠಿ ಸಂಗೀತ ನಾಟಕದ ಆದ್ಯ ಪ್ರವರ್ತಕರಾದ ಅಣ್ಣಾಸಾಹೇಬ್ ಕಿರ್ಲೋಸ್ಕರ್ ಅವರು ಹುಟ್ಟಿದ್ದೂ ಇದೇ ಗ್ರಾಮದಲ್ಲಿ. ಲಕ್ಷ್ಮಣರಾಯರ ತಂದೆ ಕಾಶಿನಾಥಪಂತರು ವೇದಾಂತದಲ್ಲಿ ಪಾಂಡಿತ್ಯ ಪಡೆದವರು. ಮಗನ ಒಲವು ಶಾಲೆಯ ಪಾಠಕ್ಕಿಂತ ಚಿತ್ರ ಬಿಡಿಸುವುದರಲ್ಲಿ ಮತ್ತು ಯಂತ್ರೋಪಕರಣಗಳನ್ನು ಬಿಚ್ಚಿ ನೋಡುವುದರಲ್ಲಿ ಇತ್ತು. ತಂದೆಗೆ ಇದು ಒಪ್ಪಿಗೆಯಾಗಲಿಲ್ಲ. ಆದರೆ ಅಣ್ಣ ರಾಮಚಂದ್ರರಾಯರು (ರಾಮುಅಣ್ಣ) ತಮ್ಮನ ಬೆಂಬಲಕ್ಕೆ ನಿಂತರು. ಅವರ ನೆರವಿನಿಂದ ಲಕ್ಷ್ಮಣರಾಯರು 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು.

ಎರಡು ವರ್ಷಗಳ ಅಭ್ಯಾಸದ ನಂತರ ಅವರಿಗೆ ಭಾಗಶಃ ವರ್ಣಾಂಧತೆ ಇರುವುದು ತಿಳಿದುಬಂದಿತು. ಕೆಲವು ಬಣ್ಣಗಳ ನಡುವಿನ ವ್ಯತ್ಯಾಸ ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ವರ್ಣಚಿತ್ರಕಾರನಾಗುವ ದಾರಿ ಅಲ್ಲಿಗೆ ಮುಚ್ಚಿತು. ಆದರೆ ಯಂತ್ರಗಳ ರೇಖಾಚಿತ್ರಕ್ಕೆ ಬಣ್ಣ ಬೇಕಿಲ್ಲ. ಗೆರೆ, ಅಳತೆ ಮತ್ತು ಕೋನಗಳಷ್ಟೇ ಸಾಕು. ಅವರು ಆ ವಿಷಯದಲ್ಲಿ ಅಭ್ಯಾಸ ಮುಂದುವರಿಸಿ ಪರಿಣತಿ ಪಡೆದರು. ಅದರ ಫಲವಾಗಿ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರ ರೇಖಾಚಿತ್ರದ ಸಹಾಯಕ ಶಿಕ್ಷಕರಾಗಿ ನೇಮಕಗೊಂಡರು. ಪಾಠದ ಬಿಡುವಿನ ವೇಳೆಯನ್ನು ಸಂಸ್ಥೆಯ ಕಾರ್ಯಾಗಾರದಲ್ಲಿ ಕಳೆದು ಲೇತ್, ಎರಕ ಮತ್ತು ಕಮ್ಮಾರಿಕೆಯ ಕೆಲಸಗಳನ್ನು ಕೈಯಾರೆ ಕಲಿತರು. ಎಂಜಿನಿಯರಿಂಗ್ ಪದವಿ ಅವರಿಗೆ ಇರಲಿಲ್ಲ. ಅವರ ಯಂತ್ರಜ್ಞಾನವೆಲ್ಲ ಈ ಕಾರ್ಯಾಗಾರದಲ್ಲಿ ಮತ್ತು ತಂತ್ರಜ್ಞಾನದ ಪುಸ್ತಕಗಳ ಓದಿನಿಂದ ಬಂದದ್ದು.

ಬೆಳಗಾವಿಯ ಸೈಕಲ್ ಅಂಗಡಿ

ಇಂದು ನಾವು ಕಾಣುವ, ಎರಡು ಸಮಗಾತ್ರದ ಚಕ್ರಗಳಿರುವ ಸೈಕಲ್ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದದ್ದು 1885ರ ಸುಮಾರಿಗೆ. ಮುಂಬಯಿಯ ಬೀದಿಯಲ್ಲಿ ಸೈಕಲ್ ಸವಾರಿಯನ್ನು ಕಂಡ ಲಕ್ಷ್ಮಣರಾಯರಿಗೆ ಈ ವಾಹನದ ಭವಿಷ್ಯ ಹೊಳೆಯಿತು. 1888ರಲ್ಲಿ ಅಣ್ಣ ರಾಮುಅಣ್ಣನವರೊಡನೆ ಸೇರಿ ಬೆಳಗಾವಿಯಲ್ಲಿ ಸಣ್ಣ ಸೈಕಲ್ ಅಂಗಡಿಯನ್ನು ತೆರೆದರು. ಲಕ್ಷ್ಮಣರಾಯರು ಮುಂಬಯಿಯಲ್ಲಿ ಸೈಕಲ್ ಕೊಂಡು ಕಳುಹಿಸುತ್ತಿದ್ದರು. ರಾಮುಅಣ್ಣನವರು ಬೆಳಗಾವಿಯಲ್ಲಿ ಅವನ್ನು ಮಾರುತ್ತಿದ್ದರು, ಕೊಂಡವರಿಗೆ 15 ರೂಪಾಯಿ ಶುಲ್ಕ ಪಡೆದು ಸವಾರಿಯನ್ನೂ ಕಲಿಸುತ್ತಿದ್ದರು. ಮುಂದೆ ದೇಶದೆಲ್ಲೆಡೆ ಪರಿಚಿತವಾದ ಕಿರ್ಲೋಸ್ಕರ್ ಬ್ರದರ್ಸ್ ಎಂಬ ಹೆಸರಿನ ಮೂಲ ಈ ಅಣ್ಣತಮ್ಮಂದಿರ ಅಂಗಡಿ. ಅಂಗಡಿಯಿದ್ದ ಬೀದಿಯನ್ನು ಇಂದಿಗೂ ಕಿರ್ಲೋಸ್ಕರ್ ರಸ್ತೆ ಎಂದೇ ಕರೆಯುತ್ತಾರೆ.

ಇದೇ ಅವಧಿಯಲ್ಲಿ ಯೂರೋಪಿನ ಹಲವು ಸೈಕಲ್ ತಯಾರಕರು ಮೋಟಾರು ವಾಹನಗಳ ಕಡೆಗೆ ತಿರುಗಿದರು. ಇಂಗ್ಲೆಂಡಿನ ರೋವರ್, ಫ್ರಾನ್ಸಿನ ಪ್ಯೂಜೋ ಮತ್ತು ಜರ್ಮನಿಯ ಓಪೆಲ್ ಸಂಸ್ಥೆಗಳು ಸೈಕಲ್ಲಿನಿಂದ ಕಾರಿಗೆ ದಾಟಿದ್ದಕ್ಕೆ ಪ್ರಸಿದ್ಧ ಉದಾಹರಣೆಗಳು. ಬೆಳಗಾವಿಯ ಅಂಗಡಿಗೆ ಆ ದಾರಿ ತೆರೆದಿರಲಿಲ್ಲ. ಸುತ್ತ ಕಾರು ಕೊಳ್ಳುವ ಜನರಿರಲಿಲ್ಲ, ಎಂಜಿನ್ ಎರಕ ಹೊಯ್ಯುವ ಕಾರ್ಖಾನೆಗಳಿರಲಿಲ್ಲ. ಇದ್ದದ್ದು ಎತ್ತು, ಮರದ ನೇಗಿಲು ಮತ್ತು ಎರೆಭೂಮಿ. ಲಕ್ಷ್ಮಣರಾಯರ ಯಂತ್ರೋದ್ಯಮ ಆ ಕಡೆಗೆ ಹೊರಳಿತು.

ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲು

ತಾಂತ್ರಿಕ ಸಂಸ್ಥೆಯಲ್ಲಿ ಲಕ್ಷ್ಮಣರಾಯರಿಗೆ ಸಿಗಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ-ಇಂಡಿಯನ್ ನೌಕರರಿಗೆ ದೊರೆಯಿತು. ಇದರಿಂದ ನೊಂದು ಅವರು ಕೆಲಸ ಬಿಟ್ಟು ಬೆಳಗಾವಿಗೆ ಮರಳಿದರು. ಅಲ್ಲಿ ಸಣ್ಣ ಕಾರ್ಯಾಗಾರವನ್ನು ಹಾಕಿ ಜೋಳದ ಕಣಿಕೆ ಮುಂತಾದ ಮೇವನ್ನು ಕತ್ತರಿಸುವ ಕೈಯಂತ್ರವನ್ನು ತಯಾರಿಸಿದರು. ಕಣಿಕೆಯನ್ನು ಹಾಗೆಯೇ ಹಾಕಿದರೆ ದನಗಳು ಎಲೆಯ ಭಾಗವನ್ನು ತಿಂದು ದಂಟನ್ನು ಬಿಡುತ್ತವೆ. ಚಿಕ್ಕದಾಗಿ ಕತ್ತರಿಸಿದರೆ ಮೇವು ಉಳಿಯುತ್ತದೆ. ಬರದ ನಾಡಿನಲ್ಲಿ ಇದು ಸಣ್ಣ ಪ್ರಯೋಜನವಲ್ಲ.

ಅನಂತರ ಅವರು ಕಬ್ಬಿಣದ ನೇಗಿಲನ್ನು ಕೈಗೆತ್ತಿಕೊಂಡರು. ಮರದ ನೇಗಿಲು ಮಣ್ಣನ್ನು ಸೀಳುತ್ತದೆಯೇ ಹೊರತು ಮಗುಚುವುದಿಲ್ಲ. ಬಾಗಿದ ರೆಕ್ಕೆಯುಳ್ಳ ಕಬ್ಬಿಣದ ನೇಗಿಲು ಆಳಕ್ಕೆ ಇಳಿದು ಮಣ್ಣನ್ನು ತಿರುವಿ ಹಾಕುತ್ತದೆ. ಎರೆಭೂಮಿಯಲ್ಲಿ ಬೇರೂರಿದ ಕರಿಕೆಯಂತಹ ಕಳೆಗಳನ್ನು ಬುಡಸಹಿತ ಮೇಲೆತ್ತುತ್ತದೆ. ಉಪಯೋಗ ಇಷ್ಟು ಸ್ಪಷ್ಟವಾಗಿದ್ದರೂ ರೈತರು ಅದನ್ನು ಕೊಳ್ಳಲು ಹಿಂಜರಿದರು. ಕಬ್ಬಿಣ ತಾಗಿದರೆ ಭೂತಾಯಿಗೆ ವಿಷವೇರುತ್ತದೆ, ಬೆಳೆ ಕೆಡುತ್ತದೆ ಎಂಬ ನಂಬಿಕೆ ಬಲವಾಗಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಎಂದು ಸಂಸ್ಥೆಯ ಇತಿಹಾಸ ಹೇಳುತ್ತದೆ.

ರೈತರ ಹಿಂಜರಿಕೆಯನ್ನು ಮೂಢನಂಬಿಕೆ ಎಂದಷ್ಟೇ ಹೇಳಿ ಬಿಡಲಾಗದು. ಮರದ ನೇಗಿಲನ್ನು ಊರಿನ ಬಡಿಗನೇ ಮಾಡಿ ಕೊಡುತ್ತಿದ್ದನು. ಮುರಿದರೆ ಆಯದ ಕಾಳಿಗೆ ದುರಸ್ತಿಯೂ ಆಗುತ್ತಿತ್ತು. ಕಬ್ಬಿಣದ ನೇಗಿಲಿಗೆ ನಗದು ಹಣ ಬೇಕು, ಬಿಡಿಭಾಗ ಬೇಕು, ಎಳೆಯಲು ಬಲವಾದ ಎತ್ತುಗಳು ಬೇಕು. ಇಷ್ಟನ್ನು ಅಪರಿಚಿತ ವಸ್ತುವಿನ ಮೇಲೆ ಹಾಕುವುದು ಸಾಮಾನ್ಯ ರೈತನಿಗೆ ದೊಡ್ಡ ಅಪಾಯವಾಗಿತ್ತು. ನೇಗಿಲಿನ ಗುಣಮಟ್ಟವನ್ನು ಸುಧಾರಿಸುವುದರ ಜೊತೆಗೆ ಬಿಡಿಭಾಗಗಳನ್ನು ಒದಗಿಸುವುದು ಮತ್ತು ಊರೂರಿಗೆ ಹೋಗಿ ಉತ್ತು ತೋರಿಸುವುದು ಮುಂದೆ ಸಂಸ್ಥೆಯ ಕ್ರಮವಾಯಿತು. ಎಂಜಿನ್ನುಗಳ ಕಾಲದಲ್ಲಿಯೂ ಈ ಕ್ರಮವೇ ಅದರ ಬಲವಾಗಿ ಉಳಿಯಿತು.

ಬೆಳಗಾವಿಯಿಂದ ನಿರ್ಗಮನ

ನೇಗಿಲಿನ ವ್ಯಾಪಾರ ಒಂದು ಹದಕ್ಕೆ ಬರುವ ಹೊತ್ತಿಗೆ ಬೆಳಗಾವಿ ಪುರಸಭೆಯ ನಿರ್ಬಂಧಗಳಿಂದಾಗಿ ಕಾರ್ಯಾಗಾರವನ್ನು ಅದರ ಜಾಗದಿಂದ ತೆರವುಗೊಳಿಸಬೇಕಾಯಿತು. ಯಂತ್ರಗಳಿಗೆ ನೆಲೆಯಿಲ್ಲ, ಕೈಯಲ್ಲಿ ಹಣವಿಲ್ಲ, ಕೆಲಸಗಾರರಿಗೆ ಕೂಲಿ ಕೊಡುವ ದಾರಿಯಿಲ್ಲ ಎಂಬ ಸ್ಥಿತಿ ಒದಗಿತು.

ಈ ಸಂಕಟದಲ್ಲಿ ನೆರವಿಗೆ ಬಂದವರು ಔಂಧ್ ಸಂಸ್ಥಾನದ ಅಧಿಪತಿ ಭವಾನರಾವ್ ಶ್ರೀನಿವಾಸರಾವ್ ಪಂತ ಪ್ರತಿನಿಧಿ (ಬಾಳಾಸಾಹೇಬ್). ಸ್ವತಃ ಚಿತ್ರಕಾರರಾಗಿದ್ದ ಅವರಿಗೆ ಲಕ್ಷ್ಮಣರಾಯರ ಪರಿಚಯ ಮೊದಲಿನಿಂದ ಇತ್ತು. ಔಂಧದಲ್ಲಿ ದೇವಾಲಯದ ಸಭಾಮಂಟಪದ ಕಟ್ಟಡದ ಕೆಲಸವನ್ನು ಅವರಿಗೆ ವಹಿಸಿದ ಬಾಳಾಸಾಹೇಬರು, ಬಳಿಕ ತಮ್ಮ ಸಂಸ್ಥಾನದಲ್ಲಿ ಕಾರ್ಖಾನೆಗೆ ಭೂಮಿಯನ್ನೂ 10,000 ರೂಪಾಯಿ ಸಾಲವನ್ನೂ ನೀಡಿದರು. ಬೆಳಗಾವಿಯಲ್ಲಿ ಹುಟ್ಟಿದ ಉದ್ಯಮ ಹೀಗೆ ಕೃಷ್ಣಾ ಕಣಿವೆಗೆ ಸ್ಥಳಾಂತರಗೊಂಡಿತು.

ಕಿರ್ಲೋಸ್ಕರವಾಡಿ

ಸಿಕ್ಕ ಭೂಮಿ ದಕ್ಷಿಣ ಮರಾಠಾ ರೈಲುಮಾರ್ಗದ ಕುಂಡಲ್ ರೋಡ್ ನಿಲ್ದಾಣದ ಬಳಿಯ 32 ಎಕರೆ ಬರಡು ನೆಲ. ಪಾಪಾಸುಕಳ್ಳಿ ಬೆಳೆದು, ಹಾವುಗಳು ತುಂಬಿದ್ದ ಆ ಜಾಗಕ್ಕೆ 1910ರ ಮಾರ್ಚ್ ತಿಂಗಳಲ್ಲಿ ಸುಮಾರು 25 ಕೆಲಸಗಾರರು ತಮ್ಮ ಕುಟುಂಬಗಳೊಡನೆ ಬಂದರು. ಕಳ್ಳಿಯನ್ನು ಕಡಿದು, ಗುಡಿಸಲು ಕಟ್ಟಿ, ಕುಲುಮೆ ಹೂಡಿ ಕೆಲಸವನ್ನು ಆರಂಭಿಸಿದರು. ಜಮ್ಶೆಡ್‌ಪುರದ ನಂತರ ಭಾರತದಲ್ಲಿ ರೂಪುಗೊಂಡ ಆರಂಭದ ಕೈಗಾರಿಕಾ ವಸತಿಗಳಲ್ಲಿ ಕಿರ್ಲೋಸ್ಕರವಾಡಿ ಒಂದು. ಕುಂಡಲ್ ರೋಡ್ ನಿಲ್ದಾಣವೂ ಮುಂದೆ ಕಿರ್ಲೋಸ್ಕರವಾಡಿ ಎಂಬ ಹೆಸರನ್ನು ಪಡೆಯಿತು.

ಈ ಊರನ್ನು ಕಟ್ಟಿದ್ದು ಒಬ್ಬರ ಕೆಲಸವಲ್ಲ. ರಾಮುಅಣ್ಣನವರು ಊರಿನ ಯೋಜನೆ ಮತ್ತು ಆಡಳಿತವನ್ನು ನೋಡಿಕೊಂಡರು. ಶಂಭುಅಣ್ಣ ಜಾಂಭೇಕರ್ ಯಂತ್ರಗಳ ಹೊಣೆ ಹೊತ್ತರು. ಮಂಗೇಶರಾವ್ ರೇಗೆ ಲೆಕ್ಕಪತ್ರವನ್ನೂ ಕಚೇರಿಯನ್ನೂ ನಿರ್ವಹಿಸಿದರು. ಕೆ. ಕೆ. ಕುಲಕರ್ಣಿ ಎದುರಾದ ಯಾವ ಕೆಲಸಕ್ಕೂ ಹೆಗಲು ಕೊಡುತ್ತಿದ್ದರು. ಕಾವಲಿಗೆ ನೇಮಕವಾದವರಲ್ಲಿ ಸೆರೆವಾಸ ಮುಗಿಸಿ ಬಂದವರಿದ್ದರು. ತಪ್ಪು ಮಾಡಿದವನಿಗೆ ನಂಬಿಕೆಯ ಕೆಲಸ ಕೊಟ್ಟರೆ ಅವನು ನಂಬಿಕೆಗೆ ತಕ್ಕಂತೆ ನಡೆಯುತ್ತಾನೆ ಎಂಬುದು ಲಕ್ಷ್ಮಣರಾಯರ ನಿಲುವಾಗಿತ್ತು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೀಡುಕಬ್ಬಿಣ ಮತ್ತು ಕಲ್ಲಿದ್ದಲಿನ ಪೂರೈಕೆ ಕುಸಿದು ಎರಕಶಾಲೆ ಕಷ್ಟಕ್ಕೆ ಸಿಲುಕಿತು. ಆದರೆ ವಿದೇಶಿ ನೇಗಿಲುಗಳ ಆಮದು ಕಡಿಮೆಯಾದದ್ದರಿಂದ ದೇಶೀಯ ನೇಗಿಲಿಗೆ ಬೇಡಿಕೆ ಹೆಚ್ಚಿತು. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ನೋಂದಾಯಿತ ಕಂಪನಿಯಾಯಿತು. ಅದೇ ವರ್ಷ ಸಂಬಂಧಿ ಶಂಕರರಾವ್ ಕಿರ್ಲೋಸ್ಕರರ ಸಂಪಾದಕತ್ವದಲ್ಲಿ ಗ್ರಾಹಕರಿಗಾಗಿ ಒಂದು ಪತ್ರಿಕೆ ಆರಂಭವಾಗಿ, ಕಾಲಕ್ರಮದಲ್ಲಿ ಮರಾಠಿಯ ಪ್ರಮುಖ ಮಾಸಿಕಗಳಲ್ಲಿ ಒಂದಾಗಿ ಬೆಳೆಯಿತು.

ಪಂಪಿನಿಂದ ಎಂಜಿನ್ನಿಗೆ

ನೇಗಿಲಿನ ನಂತರ ರೈತನ ಮುಂದಿನ ಅಗತ್ಯ ನೀರು. ಬಾವಿಯಿಂದ ನೀರೆತ್ತಲು ಎತ್ತುಗಳ ಕಪಿಲೆಯೇ ಸಾಧನವಾಗಿತ್ತು. ಎರಡು ಎತ್ತು ಮತ್ತು ಒಬ್ಬ ಆಳು ಇಡೀ ದಿನ ದುಡಿದರೂ ನೀರುಣ್ಣುತ್ತಿದ್ದ ನೆಲ ಸ್ವಲ್ಪವೇ. ಕಿರ್ಲೋಸ್ಕರವಾಡಿಯಲ್ಲಿ ಮೊದಲು ಕೈಪಂಪುಗಳೂ, 1926ರಲ್ಲಿ ತಿರುಗುವ ಚಕ್ರದ ಬಲದಿಂದ ನೀರನ್ನು ಹೊರಚಿಮ್ಮಿಸುವ ಸೆಂಟ್ರಿಫ್ಯೂಗಲ್ ಪಂಪುಗಳೂ ತಯಾರಾದವು. ಲಕ್ಷ್ಮಣರಾಯರ ಹಿರಿಯ ಮಗ ಶಂತನುರಾವ್ (1903–1994) ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಪದವಿ ಪಡೆದು ಕಾರ್ಖಾನೆಗೆ ಸೇರಿದ್ದೂ ಇದೇ ವರ್ಷಗಳಲ್ಲಿ.

ಪಂಪನ್ನು ತಿರುಗಿಸಲು ಶಕ್ತಿ ಬೇಕು. ವಿದ್ಯುತ್ ಇಲ್ಲದ ಹಳ್ಳಿಗಳಲ್ಲಿ ಅದನ್ನು ಕೊಡಬಲ್ಲದ್ದು ಎಣ್ಣೆಯಿಂದ ನಡೆಯುವ ಎಂಜಿನ್. ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ್ದನು. ಅನಂತರದ ದಶಕಗಳಲ್ಲಿ ಬ್ರಿಟನ್ನಿನ ಲಿಸ್ಟರ್, ಪೆಟ್ಟರ್ ಮುಂತಾದ ಕಂಪನಿಗಳ ಎಂಜಿನ್ನುಗಳು ಭಾರತಕ್ಕೆ ಬರುತ್ತಿದ್ದವು. ಸಾತಾರಾ ಸೀಮೆಯಲ್ಲಿ ಕೃಷಿ ಉಪಕರಣಗಳಿಂದ ಆರಂಭಿಸಿದ ಕೂಪರ್ ಕಂಪನಿಯೂ ಡೀಸೆಲ್ ಎಂಜಿನ್ ತಯಾರಿಕೆಗೆ ಇಳಿದಿತ್ತು.

1946ರಲ್ಲಿ ಪುಣೆಯ ಖಡಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸಂಸ್ಥೆ ಬ್ರಿಟಿಷ್ ತಯಾರಕರ ತಾಂತ್ರಿಕ ಸಹಯೋಗದೊಡನೆ ಸ್ಥಾಪನೆಯಾಯಿತು. ಆಗ ಲಕ್ಷ್ಮಣರಾಯರಿಗೆ 77 ವರ್ಷ. ಈ ಎಂಜಿನ್ನುಗಳನ್ನು ವಿನ್ಯಾಸ ಮಾಡಿದವರು ಅವರಲ್ಲ. ಕಾರ್ಖಾನೆಯನ್ನು ಮುನ್ನಡೆಸಿದವರು ಶಂತನುರಾಯರು. ಆದರೆ ಎರಕ ಹೊಯ್ದು ತಿರುಗಣೆಯಲ್ಲಿ ಕಡೆಯಬಲ್ಲ ಕೆಲಸಗಾರರು, ಊರೂರುಗಳಲ್ಲಿ ನೆಲೆಸಿದ ಏಜೆಂಟರು ಮತ್ತು ಕಿರ್ಲೋಸ್ಕರ್ ಎಂಬ ಹೆಸರಿನ ಮೇಲೆ ರೈತರಿಟ್ಟ ವಿಶ್ವಾಸ, ಈ ಮೂರೂ ಅವರ ನಾಲ್ಕು ದಶಕಗಳ ದುಡಿಮೆಯಿಂದ ಬಂದವು. ಕಬ್ಬಿಣದ ನೇಗಿಲನ್ನು ಒಪ್ಪಲು ವರ್ಷಗಟ್ಟಲೆ ಹಿಂಜರಿದ ನಾಡಿನಲ್ಲಿಯೇ ಅದಕ್ಕಿಂತ ಬಹಳ ದುಬಾರಿಯಾದ ಎಂಜಿನ್ನಿಗೆ ಸ್ವಾಗತ ದೊರೆತದ್ದು ಈ ಕಾರಣದಿಂದ.

ಎಂಜಿನ್ನಿನ ರಚನೆ

ಕಿರ್ಲೋಸ್ಕರ್ ಎಂಜಿನ್ನುಗಳಲ್ಲಿ ಎವಿ-1 ಎಂಬುದು ಬಹು ಪ್ರಸಿದ್ಧ. ಇದರ ವಿನ್ಯಾಸದ ಮೂಲ ಬ್ರಿಟನ್ನಿನ ಪೆಟ್ಟರ್ ಕಂಪನಿಯ ಅದೇ ಹೆಸರಿನ ಎಂಜಿನ್. ಇದಕ್ಕೆ ನೇರವಾಗಿ ನಿಲ್ಲುವ ಒಂದೇ ಸಿಲಿಂಡರ್. ಸಿಲಿಂಡರಿನ ಒಳವ್ಯಾಸ 80 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 110 ಮಿಲಿಮೀಟರ್, ಘನಗಾತ್ರ ಸುಮಾರು 553 ಸಿಸಿ. ನಿಮಿಷಕ್ಕೆ 1500 ಸುತ್ತು ತಿರುಗುವಾಗ ಇದು 5 ಅಶ್ವಶಕ್ತಿಯನ್ನು ನೀಡುತ್ತದೆ. ತಂಪು ಮಾಡಲು ನೀರನ್ನು ಬಳಸುತ್ತದೆ.

ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಒಳಗೆ ಎಳೆದುಕೊಂಡ ಗಾಳಿಯನ್ನು ಎವಿ-1 ತನ್ನ ಮೂಲ ಗಾತ್ರದ ಸುಮಾರು ಹದಿನಾರೂವರೆಯಲ್ಲಿ ಒಂದು ಭಾಗಕ್ಕೆ ಒತ್ತುತ್ತದೆ. ಹೀಗೆ ಒತ್ತಿದ ಗಾಳಿ ಎಷ್ಟು ಕಾಯುತ್ತದೆಂದರೆ, ಅದರೊಳಗೆ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಂಡು ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ನಾಲ್ಕು ಹೊಡೆತಗಳಲ್ಲಿ ಶಕ್ತಿ ಕೊಡುವುದು ಒಂದೇ. ಉಳಿದ ಮೂರನ್ನು ದಾಟಿಸುವುದು ಪಕ್ಕದ ಭಾರವಾದ ಗಾಲಿಯ ವೇಗ. ಹ್ಯಾಂಡಲ್ ಹಾಕಿ ತಿರುಗಿಸುವಾಗ ಮೊದಲು ಕವಾಟವನ್ನು ತೆರೆದಿಟ್ಟು ಗಾಲಿಗೆ ವೇಗ ಬಂದ ಮೇಲೆ ಮುಚ್ಚಿದರೆ ಎಂಜಿನ್ ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಇಲ್ಲದೆ, ಒಬ್ಬ ಮನುಷ್ಯನ ತೋಳಿನ ಬಲದಿಂದಲೇ ಆರಂಭವಾಗುವ ಈ ಗುಣ ಹಳ್ಳಿಗೆ ಬಹಳ ಒಗ್ಗಿತು.

ವೇಗದ ಎಂಜಿನ್ನಿನೊಡನೆ ಹೋಲಿಸಿದರೆ ಇದರ ಸ್ವಭಾವ ಸ್ಪಷ್ಟವಾಗುತ್ತದೆ. ರೇಸ್ ಕಾರುಗಳ ಅಭಿಮಾನಿಗಳು ಸಾರ್ವಕಾಲಿಕ ಶ್ರೇಷ್ಠ ಎಂಜಿನ್ನುಗಳ ಪಂಕ್ತಿಯಲ್ಲಿ ಇಡುವ, 1967ರಲ್ಲಿ ಬಂದ ಬ್ರಿಟನ್ನಿನ ಕಾಸ್ವರ್ತ್ ಡಿಎಫ್‌ವಿ ಮೂರು ಲೀಟರ್ ಗಾತ್ರದಲ್ಲಿ ನಿಮಿಷಕ್ಕೆ 9000 ಸುತ್ತು ತಿರುಗಿ 400 ಅಶ್ವಶಕ್ತಿಯನ್ನು ಕೊಡುತ್ತಿತ್ತು. ಫಾರ್ಮುಲಾ ಒನ್ ಪಂದ್ಯಗಳಲ್ಲಿ 155 ಗೆಲುವುಗಳನ್ನು ತಂದಿತು. ಅಂತಹ ಎಂಜಿನ್ ಕೆಲವೇ ಗಂಟೆಗಳ ಪಂದ್ಯಕ್ಕಾಗಿ ರೂಪುಗೊಂಡದ್ದು. ಪಂದ್ಯಗಳ ನಡುವೆ ಅದನ್ನು ಬಿಚ್ಚಿ ಮತ್ತೆ ಜೋಡಿಸಬೇಕಾಗುತ್ತಿತ್ತು. ಎವಿ-1ರಿಂದ ನಿರೀಕ್ಷಿಸಿದ್ದು ಬೇಸಿಗೆಯ ಬಿಸಿಲಿನಲ್ಲಿ, ಧೂಳಿನಲ್ಲಿ, ಒಂದೇ ವೇಗದಲ್ಲಿ, ದಿನವಿಡೀ ನಿಲ್ಲದೆ ನಡೆಯುವುದು. ಊರಿನ ಮೇಸ್ತ್ರಿ ಸಾಮಾನ್ಯ ಉಪಕರಣಗಳಿಂದ ಅದನ್ನು ಬಿಚ್ಚಿ ಸರಿಪಡಿಸಬಲ್ಲವನಾಗಿರಬೇಕಿತ್ತು. ಎರಡೂ ಶ್ರೇಷ್ಠ ಎಂಜಿನ್ನುಗಳೇ, ಆದರೆ ಅಳೆಯುವ ಕೋಲು ಬೇರೆ.

ಎವಿ-1 ಮತ್ತು ಅದರ ನಂತರದ ಟಿವಿ-1 ಎಂಜಿನ್ನುಗಳು ಭಾರತದ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಿಗೂ ಪ್ರವೇಶ ಪಡೆದವು. ಹೊಂಗೆ, ಜತ್ರೋಫಾ ಮುಂತಾದ ಎಣ್ಣೆಗಳಿಂದ ಜೈವಿಕ ಡೀಸೆಲ್ ತಯಾರಿಸುವ ಕುರಿತು ದೇಶದಲ್ಲಿ ನಡೆದ ಹಲವಾರು ಸಂಶೋಧನೆಗಳು ಈ ಎಂಜಿನ್ನುಗಳ ಮೇಲೆಯೇ ನಡೆದಿವೆ.

ಕರ್ನಾಟಕದಲ್ಲಿ ಉದ್ಯಮಗಳು

ಬೆಳಗಾವಿಯಿಂದ ಹೊರಹೋದ ಉದ್ಯಮ ಮೂರು ದಶಕಗಳ ನಂತರ ಕನ್ನಡ ನಾಡಿಗೆ ಬೇರೆ ದಾರಿಯಿಂದ ಮರಳಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿದೇಶಿ ಯಂತ್ರಗಳ ಆಮದು ಕಷ್ಟವಾದಾಗ, 1941ರಲ್ಲಿ ಅಂದಿನ ಮೈಸೂರು ಸಂಸ್ಥಾನದ ಹರಿಹರದಲ್ಲಿ, ತುಂಗಭದ್ರೆಯ ತೀರದಲ್ಲಿ, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಲೇತ್ ಮುಂತಾದ ಯಂತ್ರೋಪಕರಣಗಳನ್ನು ತಯಾರಿಸಿದ ಈ ಕಾರ್ಖಾನೆಯ ವಸತಿಗೆ ಯಂತ್ರಪುರ ಎಂಬ ಹೆಸರು ಬಂದಿತು. 21ನೆಯ ಶತಮಾನದ ಆರಂಭದಲ್ಲಿ ಕಾರ್ಖಾನೆ ಮುಚ್ಚಿತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಆರಂಭವಾಗಿ ವಿದ್ಯುತ್ ಮೋಟಾರುಗಳನ್ನು ತಯಾರಿಸಿತು. ಕಾಲಕ್ರಮದಲ್ಲಿ ಹಳ್ಳಿಗಳಿಗೆ ವಿದ್ಯುತ್ ಬಂದಂತೆ ಬಾವಿಯ ದಂಡೆಯ ಮೇಲಿನ ಎಂಜಿನ್ನಿನ ಜಾಗಕ್ಕೆ ಮೋಟಾರುಗಳು ಬಂದವು.

ಇದೇ ಕಾಲದಲ್ಲಿ ಭಾರತದಲ್ಲಿ ಕಾರು ತಯಾರಿಸುವ ಪ್ರಯತ್ನಗಳೂ ನಡೆದವು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯೂರೋಪ್ ಮತ್ತು ಅಮೆರಿಕಗಳಲ್ಲಿ ಮೋಟಾರು ಉದ್ಯಮವನ್ನು ಅಧ್ಯಯನ ಮಾಡಿ ಕಾರ್ಖಾನೆಯ ಯೋಜನೆಯನ್ನು ಸಿದ್ಧಪಡಿಸಿದ್ದರು. ಮೈಸೂರು ಸಂಸ್ಥಾನದಲ್ಲಿ ಅದನ್ನು ನೆಲೆಗೊಳಿಸುವ ವಿಚಾರ ಬ್ರಿಟಿಷ್ ಸರ್ಕಾರದ ಅಸಹಕಾರದಿಂದ ಕೈಗೂಡಲಿಲ್ಲ. ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಕಾರಿನ ಎಂಜಿನ್ನಿಗೆ ಸರ್ಕಾರದ ಅನುಮತಿ ಮತ್ತು ದೊಡ್ಡ ಬಂಡವಾಳ ಬೇಕಾಗಿದ್ದ ಆ ದಿನಗಳಲ್ಲಿ, ಕೃಷಿಯ ಎಂಜಿನ್ ರೈತನ ಬೇಡಿಕೆಯ ಬಲದಿಂದ ಬೆಳೆಯಿತು.

ಗದಗ ಸೀಮೆಯಲ್ಲಿ

ಇಂದಿನ ಗದಗ ಜಿಲ್ಲೆಯ ಭೂಮಿ ಲಕ್ಷ್ಮಣರಾಯರ ಯಂತ್ರಗಳ ಉಪಯೋಗವನ್ನು ಅರಿಯಲು ಉತ್ತಮ ಉದಾಹರಣೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗಗಳಲ್ಲಿ ಎರೆಭೂಮಿ ವ್ಯಾಪಕವಾಗಿದೆ. ಕಪ್ಪತಗುಡ್ಡದ ಆಸುಪಾಸಿನಲ್ಲಿ ಮಸಾರಿ ನೆಲವೂ ಇದೆ. ಜೋಳ, ಹತ್ತಿ ಮತ್ತು ಶೇಂಗಾ ಇಲ್ಲಿನ ಹಳೆಯ ಬೆಳೆಗಳು. ಎರೆಗೆ ಆಳದ ಉಳುಮೆ, ಜೋಳದ ಕಣಿಕೆಗೆ ಮೇವಿನ ಯಂತ್ರ, ಶೇಂಗಾಕ್ಕೆ ಸುಲಿಯುವ ಯಂತ್ರ ಎಂಬಂತೆ ಕಿರ್ಲೋಸ್ಕರವಾಡಿಯ ತಯಾರಿಕೆಗಳು ಇಂತಹ ಬಯಲುಸೀಮೆಯ ಬೇಸಾಯಕ್ಕೆ ನೇರವಾಗಿ ಹೊಂದುವಂಥವು. ಸಂಸ್ಥಾನಗಳ ಆಳ್ವಿಕೆಯ ದೃಷ್ಟಿಯಿಂದಲೂ ಈ ಭಾಗ ಔಂಧಿಗೆ ಅಪರಿಚಿತವಲ್ಲ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಗದಗ ಮತ್ತು ಕುಂಡಲ್ ರೋಡ್ ಎರಡೂ ದಕ್ಷಿಣ ಮರಾಠಾ ರೈಲುಜಾಲದ ನಿಲ್ದಾಣಗಳು.

ಹೊಸ ಉಪಕರಣ ಕೊಳ್ಳಲು ರೈತನಿಗೆ ಬೇಕಾದ ಸಾಲದ ಪ್ರಶ್ನೆಯೂ ಇಲ್ಲಿಯೇ ಬೇರೊಂದು ರೀತಿಯಲ್ಲಿ ಉತ್ತರ ಪಡೆಯುತ್ತಿತ್ತು. ಏಷ್ಯಾದ ಮೊದಲ ಕೃಷಿ ಸಹಕಾರಿ ಸಂಘವೆಂದು ಹೆಸರಾದ ಸಂಘ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ 1905ರಲ್ಲಿ ಸ್ಥಾಪನೆಯಾಯಿತು. ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ಕೊಳ್ಳುವವರನ್ನು ಹುಡುಕುತ್ತಿದ್ದ ಕಾಲವೂ ಅದೇ.

ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳ ದಕ್ಷಿಣ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತದೆ. ನದಿ ತಗ್ಗಿನಲ್ಲಿ, ಹೊಲ ಎತ್ತರದಲ್ಲಿ. ಇಂತಹ ದಂಡೆಗಳಲ್ಲಿ ಎಂಜಿನ್ ಮತ್ತು ಪಂಪಿನ ಜೋಡಿ ಇಲ್ಲದೆ ನೀರಾವರಿ ಸಾಧ್ಯವಿರಲಿಲ್ಲ. ವಿದ್ಯುತ್ ಬರುವ ಮೊದಲು ಉತ್ತರ ಕರ್ನಾಟಕದ ಹಳ್ಳಿಗಳ ಹಿಟ್ಟಿನ ಗಿರಣಿಗಳನ್ನು ಪಟ್ಟಾ ಹಾಕಿ ತಿರುಗಿಸುತ್ತಿದ್ದದ್ದೂ ಇಂತಹ ಆಯಿಲ್ ಎಂಜಿನ್ನುಗಳೇ. ಮುಂಡರಗಿಯ ಪೂರ್ವಕ್ಕಿರುವ ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯಲ್ಲಿ ಈಗ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆ ಬೀಡುಕಬ್ಬಿಣವನ್ನೂ, ಎಂಜಿನ್ನುಗಳ ಸಿಲಿಂಡರ್ ಬ್ಲಾಕುಗಳೂ ಸೇರಿದಂತೆ ಹಲವು ಎರಕದ ಭಾಗಗಳನ್ನೂ ತಯಾರಿಸುತ್ತಿದೆ.

ಸಾಮಾಜಿಕ ನಿಲುವು

ಲಕ್ಷ್ಮಣರಾಯರು ಅಸ್ಪೃಶ್ಯತೆಯನ್ನು ವಿರೋಧಿಸಿ ಕಿರ್ಲೋಸ್ಕರವಾಡಿಯಲ್ಲಿ ಅದರ ಆಚರಣೆಯನ್ನು ನಿಷೇಧಿಸಿದರು. ಎರಕಶಾಲೆಯಲ್ಲಿ ಒಟ್ಟಿಗೆ ದುಡಿಯುವವರು ಬೀದಿಯಲ್ಲಿ ಬೇರೆಯಾಗುವುದು ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಪತ್ನಿ ರಾಧಾಬಾಯಿಯವರು ಹೊಸ ಊರಿನ ಆರಂಭದ ಕಷ್ಟಗಳಲ್ಲಿ ಸಹಭಾಗಿಗಳಾಗಿದ್ದರು. ಕಲಾಶಾಲೆಯ ದಿನಗಳ ಒಲವು ಲಕ್ಷ್ಮಣರಾಯರನ್ನು ಬಿಟ್ಟುಹೋಗಲಿಲ್ಲ. ಯಂತ್ರ ಬಲವಾಗಿದ್ದರಷ್ಟೇ ಸಾಲದು, ಅಂದವಾಗಿಯೂ ಇರಬೇಕೆಂದು ಅವರು ಬಯಸುತ್ತಿದ್ದರು.

ನಿಧನ ಮತ್ತು ಸ್ಮರಣೆ

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು, ತಮ್ಮ 87ನೆಯ ವಯಸ್ಸಿನಲ್ಲಿ ನಿಧನರಾದರು. ಸುಮಾರು ಒಂದು ತಿಂಗಳ ನಂತರ, ನವೆಂಬರ್ 1ರಂದು, ಅವರು ಹುಟ್ಟಿದ ಬೆಳಗಾವಿ ಜಿಲ್ಲೆ ಹೊಸ ಮೈಸೂರು ರಾಜ್ಯಕ್ಕೆ ಸೇರಿತು. 1969ರ ಜೂನ್ 20ರಂದು, ಅವರ ಜನ್ಮಶತಾಬ್ದಿಯ ದಿನ, ಭಾರತ ಸರ್ಕಾರ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಶಂತನುರಾಯರ ಆತ್ಮಕಥೆ ‘ಕ್ಯಾಕ್ಟಸ್ ಅಂಡ್ ರೋಸಸ್’ ಶೀರ್ಷಿಕೆಯಲ್ಲಿಯೇ ಕಳ್ಳಿ ಬೆಳೆದ ಕಿರ್ಲೋಸ್ಕರವಾಡಿಯ ನೆಲದ ನೆನಪಿದೆ.

ಕಿರ್ಲೋಸ್ಕರ್ ಹೆಸರು ಕಾರಿನ ಮೇಲೆ ಬಂದದ್ದು ಸೈಕಲ್ ಅಂಗಡಿ ತೆರೆದು ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ. 1997ರಲ್ಲಿ ಜಪಾನಿನ ಟೊಯೋಟಾ ಸಂಸ್ಥೆಯ ಸಹಭಾಗಿತ್ವದಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಗಿ, ಬೆಂಗಳೂರಿನ ಸಮೀಪದ ಬಿಡದಿಯಲ್ಲಿ ಕಾರ್ಖಾನೆ ಆರಂಭವಾಯಿತು. 2000ದಲ್ಲಿ ಮಾರುಕಟ್ಟೆಗೆ ಬಂದ ಕ್ವಾಲಿಸ್ ಮತ್ತು 2005ರಲ್ಲಿ ಬಂದ ಇನ್ನೋವಾ ವಾಹನಗಳ ಡೀಸೆಲ್ ಎಂಜಿನ್ನುಗಳನ್ನು ವಾಹನಪ್ರಿಯರೂ ಟ್ಯಾಕ್ಸಿ ಚಾಲಕರೂ ಮೆಚ್ಚಿದ್ದು ವೇಗಕ್ಕಾಗಿ ಅಲ್ಲ, ಲಕ್ಷಾಂತರ ಕಿಲೋಮೀಟರ್ ಓಡಿದರೂ ಕೈಕೊಡದ ಬಾಳಿಕೆಗಾಗಿ. ಆ ಎಂಜಿನ್ನುಗಳು ಜಪಾನಿ ವಿನ್ಯಾಸದವು. ಆದರೂ ಬಾಳಿಕೆಯೇ ಎಂಜಿನ್ನಿನ ಮೊದಲ ಗುಣವೆಂಬ ಅಳತೆಯನ್ನು ಈ ಭಾಗದ ಜನ ಹೊಲದ ಬಾವಿಯ ದಂಡೆಯಲ್ಲಿಯೇ ಕಲಿತಿದ್ದರು.